ಗಾಲ್ಫ್‌ಗೆ ನಿಯಮ ಬರೆಯುವ ಅಧಿಕಾರ ಯಾರದು, ಅದು ಬಂದದ್ದು ಹೇಗೆ

ಕ್ರಿಕೆಟ್‌ನ ನಿಯಮಗಳನ್ನು ಇಂದಿಗೂ ಬರೆಯುವುದು ಲಂಡನ್ನಿನ ಎಂಸಿಸಿ ಎಂಬ ಖಾಸಗಿ ಕ್ಲಬ್ಬು ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತು. ಗಾಲ್ಫ್‌ನ ವ್ಯವಸ್ಥೆ ಅದಕ್ಕಿಂತಲೂ ತುಸು ವಿಚಿತ್ರ. ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಮೆಕ್ಸಿಕೊದಲ್ಲಿ ಆಡುವವರಿಗೆ ಯುನೈಟೆಡ್ ಸ್ಟೇಟ್ಸ್ ಗಾಲ್ಫ್ ಅಸೋಸಿಯೇಷನ್, ಅಂದರೆ ಯುಎಸ್‌ಜಿಎ, ನಿಯಮ ವಿಧಿಸುತ್ತದೆ. ಬೆಂಗಳೂರು, ಟೋಕಿಯೊ, ನೈರೋಬಿ ಸೇರಿದಂತೆ ಉಳಿದ ಜಗತ್ತಿಗೆಲ್ಲ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಎಂಬ ಸಣ್ಣ ಕಡಲತೀರದ ಊರಿನಲ್ಲಿರುವ ‘ಆರ್ ಆ್ಯಂಡ್ ಎ’ ಸಂಸ್ಥೆ ವಿಧಿಸುತ್ತದೆ. ಎರಡೂ ಕೂಡಿ ಒಂದೇ ನಿಯಮಾವಳಿಯನ್ನು ಪ್ರಕಟಿಸುತ್ತವೆ. ಈ ಅಧಿಕಾರವನ್ನು ಅವುಗಳಿಗೆ ಯಾವ ಅಂತರರಾಷ್ಟ್ರೀಯ ಒಪ್ಪಂದವೂ ಕೊಟ್ಟದ್ದಲ್ಲ, ಯಾವ ಚುನಾವಣೆಯೂ ಕೊಟ್ಟದ್ದಲ್ಲ. ಬಹುಮಾನಗಳ ಬಗ್ಗೆ ಎದ್ದ ಜಗಳಗಳನ್ನೂ ಹೊಸ ಹೊಸ ಚೆಂಡು, ಕೋಲುಗಳು ತಂದ ತಕರಾರುಗಳನ್ನೂ ಯಾರಾದರೂ ಬಗೆಹರಿಸಲೇಬೇಕಾಗಿ ಬಂದಾಗಲೆಲ್ಲ ಅಧಿಕಾರ ಸ್ವಲ್ಪ ಸ್ವಲ್ಪವಾಗಿ ಅವುಗಳ ಕಡೆಗೆ ಜರುಗುತ್ತ ಬಂದಿತು. ಆಧುನಿಕ ಗಾಲ್ಫ್‌ನ ಇತಿಹಾಸವನ್ನು ಈ ಜಗಳ, ತಕರಾರುಗಳ ಮೂಲಕವೇ ಓದುವುದು ಹೆಚ್ಚು ಪ್ರಯೋಜನಕರ ಎಂದು ನನಗೆ ಅನಿಸುತ್ತದೆ.

ಕೋಲಿನಿಂದ ಚೆಂಡು ಹೊಡೆಯುವ ಆಟಗಳು ಹಾಲೆಂಡ್, ಚೀನಾ ಮುಂತಾದ ಕಡೆಗಳಲ್ಲಿಯೂ ಇದ್ದವು. ಗಾಲ್ಫ್ ಹುಟ್ಟಿದ್ದು ತಮ್ಮಲ್ಲೇ ಎಂಬ ವಾದಗಳೂ ಅಲ್ಲಿಂದ ಬಂದಿವೆ. ಆದರೆ ನೆಲದಲ್ಲಿ ತೋಡಿದ ಗುಳಿಗೆ ಚೆಂಡನ್ನು ಆದಷ್ಟು ಕಡಿಮೆ ಹೊಡೆತಗಳಲ್ಲಿ ಸೇರಿಸುತ್ತ, ಒಂದು ಗುಳಿಯಿಂದ ಮುಂದಿನದಕ್ಕೆ ಸಾಗುವ ಈಗಿನ ರೂಪ ಗಟ್ಟಿಯಾದದ್ದು ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ. ಅಲ್ಲಿ ಆಟದ ಮೊದಲ ಖಚಿತ ದಾಖಲೆಯೇ ಅದರ ನಿಷೇಧ. ಜನ ಬಿಲ್ಲುಗಾರಿಕೆಯ ಅಭ್ಯಾಸ ಬಿಟ್ಟು ಫುಟ್‌ಬಾಲ್, ಗಾಲ್ಫ್‌ಗಳಲ್ಲಿ ಕಾಲ ಕಳೆಯುತ್ತಿದ್ದಾರೆಂದು 1457ರಲ್ಲಿ ದೊರೆ ಎರಡನೇ ಜೇಮ್ಸ್‌ನ ಕಾಲದ ಸಂಸತ್ತು ಎರಡನ್ನೂ ನಿಷೇಧಿಸಿತು. 1471ರಲ್ಲಿಯೂ 1491ರಲ್ಲಿಯೂ ಅದೇ ನಿಷೇಧ ಮತ್ತೆ ಹೊರಟಿತು. ಒಂದೇ ಆಜ್ಞೆಯನ್ನು ಮೂರು ಸಲ ಹೊರಡಿಸಬೇಕಾಯಿತೆಂದರೆ ಅದನ್ನು ಹೆಚ್ಚು ಜನ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ ಎಂದೇ ತಿಳಿಯಬೇಕು. 1502ರಲ್ಲಿ ಇಂಗ್ಲೆಂಡಿನೊಂದಿಗೆ ಶಾಂತಿ ಒಪ್ಪಂದವಾದ ವರ್ಷವೇ ದೊರೆ ನಾಲ್ಕನೇ ಜೇಮ್ಸ್ ಪರ್ತ್ ಊರಿನ ಬಿಲ್ಲು ಮಾಡುವವನೊಬ್ಬನಿಂದ ಗಾಲ್ಫ್ ಕೋಲುಗಳನ್ನು ಕೊಂಡ ಲೆಕ್ಕ ಸಿಗುತ್ತದೆ.

ಆಟ ನಡೆಯುತ್ತಿದ್ದ ಜಾಗವನ್ನು ಗಮನಿಸದಿದ್ದರೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ಕಡಲಿಗೂ ಉಳುವ ಹೊಲಕ್ಕೂ ನಡುವೆ ಇರುವ, ಮರಳು ದಿಬ್ಬಗಳ ಮೇಲೆ ಗಿಡ್ಡ ಹುಲ್ಲು ಬೆಳೆದ, ಬೇಸಾಯಕ್ಕೆ ಬಾರದ ಆ ಪಟ್ಟಿ ನಮ್ಮ ಹಳ್ಳಿಗಳ ಗೋಮಾಳದ ಹಾಗೆ ಎಲ್ಲರ ಬಳಕೆಯ ನೆಲವಾಗಿತ್ತು. ಅಲ್ಲಿ ಕುರಿ ಮೇಯುತ್ತಿದ್ದವು, ಬಟ್ಟೆ ಒಣಗುತ್ತಿತ್ತು, ಸೈನಿಕರು ಕವಾಯತು ಮಾಡುತ್ತಿದ್ದರು. 1552ರ ಒಂದು ಸನ್ನದಿನಲ್ಲಿ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್, ಸೇಂಟ್ ಆಂಡ್ರೂಸ್‌ನ ಜನರಿಗೆ ಅಲ್ಲಿನ ಕಡಲ ಬಯಲಿನಲ್ಲಿ ಗಾಲ್ಫ್ ಆಡುವ ಹಕ್ಕಿದೆಯೆಂದು ಒಪ್ಪಿಕೊಂಡ. ಅದೇ ಪತ್ರ ಅಲ್ಲಿ ಮೊಲ ಸಾಕುವ ಹಕ್ಕಿನ ವಿಷಯವನ್ನೂ ಹೇಳುತ್ತದೆ. ನೆಲಕ್ಕೆ ಒಬ್ಬ ಒಡೆಯನಿಲ್ಲದಿದ್ದಂತೆ ಆಟಕ್ಕೂ ಒಬ್ಬ ಒಡೆಯನಿರಲಿಲ್ಲ. ಎಷ್ಟು ಗುಳಿ, ಎಷ್ಟು ದೂರ, ಚೆಂಡು ನೀರಿಗೆ ಬಿದ್ದರೆ ಏನು ಎಂಬುದೆಲ್ಲ ಊರಿನಿಂದ ಊರಿಗೆ ಬೇರೆ. ಪರಿಚಿತರಿಬ್ಬರು ಪಂತ ಕಟ್ಟಿ ಆಡುವಾಗ ಬರೆದಿಟ್ಟ ನಿಯಮ ಬೇಕಾಗುವುದಿಲ್ಲ, ಬಾಯಿಮಾತೇ ಸಾಕು.

ಅಪರಿಚಿತರೂ ಸೇರಿ ಒಂದು ಬಹುಮಾನಕ್ಕಾಗಿ ಆಡುವಾಗ ಅದು ಸಾಲದು. 1744ರಲ್ಲಿ ಎಡಿನ್‌ಬರೊ ನಗರಸಭೆ ಲೀತ್ ಬಯಲಿನ ಗಾಲ್ಫ್ ಆಟಗಾರರಿಗೆ ಒಂದು ಬೆಳ್ಳಿಯ ಕೋಲನ್ನು ಬಹುಮಾನವಾಗಿ ಕೊಟ್ಟಿತು, ಮತ್ತು ಸ್ಪರ್ಧೆ ಹೊರಗಿನವರಿಗೂ ತೆರೆದಿರಬೇಕಾಗಿತ್ತು. ಆ ಸಂದರ್ಭಕ್ಕೆಂದೇ ಲೀತ್‌ನ ಆಟಗಾರರು ಹದಿಮೂರು ನಿಯಮಗಳನ್ನು ಬರೆದರು. ಬರಹದಲ್ಲಿ ಉಳಿದಿರುವ ಅತ್ಯಂತ ಹಳೆಯ ಗಾಲ್ಫ್ ನಿಯಮಗಳು ಅವೇ. ಇಂದು ಅವನ್ನು ಓದಿದರೆ ಆ ಬಯಲು ಕಣ್ಣಿಗೆ ಕಟ್ಟುತ್ತದೆ. ಮೊದಲನೆಯ ನಿಯಮದ ಪ್ರಕಾರ ಮುಂದಿನ ಆಟಕ್ಕೆ ಚೆಂಡನ್ನು ಇಡಬೇಕಾದದ್ದು ಈಗಷ್ಟೇ ಮುಗಿಸಿದ ಗುಳಿಯಿಂದ ಒಂದು ಕೋಲಿನ ಅಳತೆಯೊಳಗೆ. ಅಂದರೆ ಆಟ ಶುರುಮಾಡಲು ಪ್ರತ್ಯೇಕ ಜಾಗವೆಂಬುದೇ ಇರಲಿಲ್ಲ. ಹತ್ತನೆಯ ನಿಯಮ, ಚೆಂಡನ್ನು ಮನುಷ್ಯನಾಗಲಿ ಕುದುರೆಯಾಗಲಿ ನಾಯಿಯಾಗಲಿ ತಡೆದರೆ ಅದು ನಿಂತಲ್ಲಿಂದಲೇ ಆಡಬೇಕೆನ್ನುತ್ತದೆ. ಹದಿಮೂರನೆಯದರಲ್ಲಿ ಸೈನಿಕರು ತೋಡಿದ ಸಾಲುಗಳ ಪ್ರಸ್ತಾಪವಿದೆ. ಚೆಂಡು ನೀರಿಗೆ ಬಿದ್ದರೆ ಹೊರತೆಗೆದು ಹಿಂದೆ ಇಟ್ಟು ಆಡಬಹುದು, ಬದಲಿಗೆ ಎದುರಾಳಿಗೆ ಒಂದು ಹೊಡೆತದ ಲಾಭ ಕೊಡಬೇಕು. ಈ ತತ್ವ ಇಂದಿನ ನಿಯಮಾವಳಿಯಲ್ಲಿಯೂ ಉಳಿದಿದೆ. ಎಷ್ಟು ಗುಳಿ ಆಡಬೇಕು, ಗುಳಿ ಎಷ್ಟು ಅಗಲವಿರಬೇಕು, ಚೆಂಡು ಎಂಥದ್ದಿರಬೇಕು ಎಂಬ ಬಗ್ಗೆ ಮಾತ್ರ ಒಂದು ಸಾಲೂ ಇಲ್ಲ. ಆ ಸ್ಪರ್ಧೆಯನ್ನು ಗೆದ್ದವನು ಜಾನ್ ರ‍್ಯಾಟ್ರೆ ಎಂಬ ಶಸ್ತ್ರವೈದ್ಯ. ಮರುವರ್ಷ ಸ್ಟುವರ್ಟ್ ರಾಜಕುಮಾರ ಚಾರ್ಲ್ಸ್ ದಂಗೆಯೆದ್ದಾಗ ಈತ ಬಂಡಾಯಗಾರರ ಸೇನೆಗೆ ವೈದ್ಯನಾಗಿ ಸೆರೆಸಿಕ್ಕ. ಲೀತ್‌ನಲ್ಲಿ ಜೊತೆಗೆ ಆಡುತ್ತಿದ್ದ ನ್ಯಾಯಾಧೀಶ ಡಂಕನ್ ಫೋರ್ಬ್ಸ್‌ನ ಮಾತಿನಿಂದ ಪಾರಾದ.

ನಿಯಮ ಬರೆದದ್ದು ಲೀತ್, ಅದರ ಯಜಮಾನಿಕೆ ದಕ್ಕಿದ್ದು ಸೇಂಟ್ ಆಂಡ್ರೂಸ್‌ಗೆ. 1754ರಲ್ಲಿ ಅಲ್ಲಿ 22 ಮಂದಿ ಗಣ್ಯರು ಸಂಘ ಕಟ್ಟಿಕೊಂಡು ಲೀತ್‌ನ ನಿಯಮಗಳನ್ನೇ ಹೆಚ್ಚುಕಡಿಮೆ ಹಾಗೆಯೇ ನಕಲು ಮಾಡಿಕೊಂಡರು. 1764ರಲ್ಲಿ ತಮ್ಮ ಅಂಗಳದ ಮೊದಲ ನಾಲ್ಕು ಸಣ್ಣ ಗುಳಿಗಳನ್ನು ಎರಡಾಗಿ ಕೂಡಿಸಿದ್ದರಿಂದ, ಹೋಗುತ್ತ ಬರುತ್ತ ಆಡುವ ಲೆಕ್ಕದಲ್ಲಿ 22 ಇದ್ದದ್ದು 18ಕ್ಕೆ ಇಳಿಯಿತು. ಇಂದು ಜಗತ್ತಿನ ಎಲ್ಲ ಪೂರ್ಣ ಗಾಲ್ಫ್ ಕೋರ್ಸುಗಳಿಗೆ 18 ಗುಳಿಗಳಿರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣವೇನೂ ಇಲ್ಲ. ಲೀತ್‌ನಲ್ಲಿ ಐದು, ಪ್ರೆಸ್ಟ್‌ವಿಕ್‌ನಲ್ಲಿ ಹನ್ನೆರಡು ಗುಳಿಗಳಿದ್ದವು. ಆ ಊರುಗಳ ಮಾತು ನಡೆದಿದ್ದರೆ ಆ ಸಂಖ್ಯೆಗಳೇ ಪವಿತ್ರವಾಗುತ್ತಿದ್ದವು. ಲೀತ್ ಬಯಲು ಜನಸಂದಣಿಯಿಂದ ಇಕ್ಕಟ್ಟಾಗಿ, ಅಲ್ಲಿನ ಕ್ಲಬ್ಬು ಹಣದ ತೊಂದರೆಗೆ ಸಿಕ್ಕಿ 1836ರಲ್ಲಿ ಮಸಲ್‌ಬರೊಗೆ ಸ್ಥಳಾಂತರಗೊಂಡಿತು. ಅದೇ ಹೊತ್ತಿಗೆ, 1834ರಲ್ಲಿ, ದೊರೆ ನಾಲ್ಕನೇ ವಿಲಿಯಂ ಸೇಂಟ್ ಆಂಡ್ರೂಸ್ ಸಂಘಕ್ಕೆ ‘ರಾಯಲ್ ಆ್ಯಂಡ್ ಏನ್ಷಿಯೆಂಟ್’ ಎಂಬ ಬಿರುದು ಕೊಟ್ಟ. ಆರ್ ಆ್ಯಂಡ್ ಎ ಎಂಬುದು ಅದರದೇ ಮೊದಲಕ್ಷರಗಳು. ಸೇಂಟ್ ಆಂಡ್ರೂಸ್‌ಗೂ ಆಪತ್ತು ಬಾರದೆ ಇರಲಿಲ್ಲ. 1797ರಲ್ಲಿ ದಿವಾಳಿಯಾದ ಪುರಸಭೆ ಗಾಲ್ಫ್ ಬಯಲನ್ನು ಮಾರಿ, ಅದು ಮೊಲ ಸಾಕುವ ವ್ಯಾಪಾರಿಗಳ ಕೈ ಸೇರಿತ್ತು. 1821ರಲ್ಲಿ ಜೇಮ್ಸ್ ಚೀಪ್ ಎಂಬ ಜಮೀನುದಾರ ಕೊಂಡುಕೊಂಡ ಮೇಲೆಯೇ ಆಟಗಾರರು ಉಸಿರುಬಿಟ್ಟದ್ದು. 1894ರಲ್ಲಿ ಸಂಸತ್ತಿನ ಕಾಯಿದೆಯ ಮೂಲಕ ಊರು ಅದನ್ನು ಮರಳಿ ಪಡೆಯಿತು. ಹೀಗಾಗಿ ಜಗತ್ತಿನ ಅತ್ಯಂತ ಪ್ರಸಿದ್ಧ ಗಾಲ್ಫ್ ಕೋರ್ಸಾದ ಓಲ್ಡ್ ಕೋರ್ಸ್ ಇಂದಿಗೂ ಸಾರ್ವಜನಿಕ ಸ್ವತ್ತು. ಅದರ ಅಂಚಿನಲ್ಲಿಯೇ ಕಟ್ಟಡವಿರುವ ಆರ್ ಆ್ಯಂಡ್ ಎ ಅದರ ಒಡೆಯನಲ್ಲ.

ಆಟ ಶ್ರೀಮಂತರ ವಲಯದಿಂದ ಹೊರಬಂದದ್ದು ಚೆಂಡಿನಿಂದ. ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ಬಳಕೆಯಲ್ಲಿದ್ದದ್ದು ಗರಿಯ ಚೆಂಡು: ಹೊಲಿದ ತೊಗಲಿನ ಚೀಲದೊಳಗೆ ಒಂದು ಎತ್ತರದ ಟೋಪಿ ತುಂಬುವಷ್ಟು ಬೇಯಿಸಿದ ಹಕ್ಕಿಗರಿಗಳನ್ನು ತುರುಕಿ ಬಾಯಿ ಹೊಲಿಯುತ್ತಿದ್ದರು, ಒದ್ದೆ ತೊಗಲು ಒಣಗುತ್ತ ಕುಗ್ಗಿ, ಒಳಗಿನ ಗರಿಗಳು ಅರಳಿ, ಚೆಂಡು ಕಲ್ಲಿನಂತೆ ಬಿಗಿಯಾಗುತ್ತಿತ್ತು. ನುರಿತ ಕೆಲಸಗಾರನೂ ದಿನಕ್ಕೆ ಬೆರಳೆಣಿಕೆಯಷ್ಟು ಚೆಂಡುಗಳನ್ನು ಮಾತ್ರ ಮಾಡಬಲ್ಲವನಾಗಿದ್ದ, ಮಳೆಯಲ್ಲಿ ನೆಂದರೆ ಹೊಲಿಗೆ ಬಿಟ್ಟುಕೊಳ್ಳುತ್ತಿತ್ತು. 1848ರ ಸುಮಾರಿಗೆ ಮಲಯ ನಾಡಿನ ಮರದ ಹಾಲಿನಿಂದ ಮಾಡಿದ ಗಟಾಪರ್ಚಾ ಚೆಂಡು ಬಂದಿತು. ಬಿಸಿನೀರಿನಲ್ಲಿ ಮೆದುವಾಗುವ ಈ ಅಂಟನ್ನು ಅಚ್ಚಿನಲ್ಲಿ ಒತ್ತಿದರೆ ಚೆಂಡು ಸಿದ್ಧ, ಒಡೆದರೆ ಕರಗಿಸಿ ಮತ್ತೆ ಒತ್ತಬಹುದು, ಬೆಲೆಯೂ ಅಗ್ಗ. ಗರಿಯ ಚೆಂಡಿನ ತಯಾರಿಕೆಯಲ್ಲಿ ಹೆಸರಾಗಿದ್ದ ಅಲನ್ ರಾಬರ್ಟ್‌ಸನ್‌ಗೆ ಇದು ಹೊಟ್ಟೆಪಾಡಿನ ಪ್ರಶ್ನೆಯಾಯಿತು. ಹೊಸ ಚೆಂಡಿನಿಂದ ಆಡಿದನೆಂಬ ಕಾರಣಕ್ಕೆ ತನ್ನ ಕೈಕೆಳಗಿದ್ದ ಟಾಮ್ ಮಾರಿಸ್‌ನೊಂದಿಗೆ ಅವನಿಗೆ ಮನಸ್ತಾಪವಾಯಿತು, ಮಾರಿಸ್ ಸೇಂಟ್ ಆಂಡ್ರೂಸ್ ಬಿಟ್ಟು ಪ್ರೆಸ್ಟ್‌ವಿಕ್‌ಗೆ ಹೋದ.

ಈ ಸ್ಥಳಾಂತರಕ್ಕೆ ಇತಿಹಾಸದಲ್ಲಿ ಬೆಲೆಯಿದೆ. 1859ರಲ್ಲಿ ರಾಬರ್ಟ್‌ಸನ್ ತೀರಿಕೊಂಡ. ಅವನೇ ಆ ಕಾಲದ ಶ್ರೇಷ್ಠ ಆಟಗಾರ ಎಂಬುದು ಸರ್ವಸಮ್ಮತವಾಗಿತ್ತು. ಅವನ ನಂತರ ಯಾರು ಎಂಬುದನ್ನು ತೀರ್ಮಾನಿಸಲು ಪ್ರೆಸ್ಟ್‌ವಿಕ್ ಕ್ಲಬ್ಬು 1860ರ ಅಕ್ಟೋಬರ್ 17ರಂದು ಒಂದು ಸ್ಪರ್ಧೆ ಏರ್ಪಡಿಸಿತು. ಎಂಟೇ ಮಂದಿ ಆಟಗಾರರು ಹನ್ನೆರಡು ಗುಳಿಗಳ ಅಂಗಳವನ್ನು ಒಂದೇ ದಿನ ಮೂರು ಸುತ್ತು ಆಡಿದರು. 174 ಹೊಡೆತಗಳಲ್ಲಿ ಮುಗಿಸಿದ ವಿಲ್ಲಿ ಪಾರ್ಕ್ ಗೆದ್ದ, ಮಾರಿಸ್ ಎರಡು ಹೊಡೆತ ಹಿಂದೆ ಉಳಿದ. ಬಹುಮಾನ ಕೆಂಪು ತೊಗಲಿನ ಒಂದು ಸೊಂಟಪಟ್ಟಿ. ಇಂದು ‘ದಿ ಓಪನ್’ ಎಂದು ಕರೆಯುವ ಚಾಂಪಿಯನ್‌ಷಿಪ್ಪಿನ ಆರಂಭ ಇದು. ಮೂರು ಸಲ ಸತತವಾಗಿ ಗೆದ್ದವರಿಗೆ ಪಟ್ಟಿ ಸ್ವಂತವಾಗುತ್ತದೆಂಬ ನಿಯಮವಿತ್ತು. ಮಾರಿಸ್‌ನ ಮಗ, ಅವನೂ ಟಾಮ್, 1868ರಿಂದ 1870ರವರೆಗೆ ಗೆದ್ದು ಅದನ್ನು ಮನೆಗೆ ಒಯ್ದ. ಕೊಡಲು ಬಹುಮಾನವೇ ಇಲ್ಲದೆ 1871ರಲ್ಲಿ ಸ್ಪರ್ಧೆ ನಡೆಯಲಿಲ್ಲ! ಮರುವರ್ಷ ಪ್ರೆಸ್ಟ್‌ವಿಕ್, ಸೇಂಟ್ ಆಂಡ್ರೂಸ್ ಮತ್ತು ಲೀತ್ ಮೂಲದ ಕ್ಲಬ್ಬು ಸೇರಿ ಹಣ ಹಾಕಿ ಬೆಳ್ಳಿಯ ಹೂಜಿಯೊಂದನ್ನು ಮಾಡಿಸುವುದೆಂದೂ ಸ್ಪರ್ಧೆಯನ್ನು ಸರದಿಯಂತೆ ಮೂರೂ ಕಡೆ ನಡೆಸುವುದೆಂದೂ ಒಪ್ಪಿದವು. ಕ್ಲಬ್ಬುಗಳು ತಮ್ಮ ಎಲ್ಲೆ ಮೀರಿ ಜಂಟಿಯಾಗಿ ಆಡಳಿತ ನಡೆಸುವುದನ್ನು ಕಲಿತದ್ದು ಈ ಹೂಜಿಯ ನೆಪದಲ್ಲಿ.

ಅಷ್ಟರಲ್ಲಿ ಆಟ ಸ್ಕಾಟ್ಲೆಂಡಿನ ಗಡಿ ದಾಟಿತ್ತು. ಬ್ರಿಟಿಷ್ ದ್ವೀಪಗಳ ಹೊರಗೆ ಇಂದಿಗೂ ಉಳಿದಿರುವ ಅತ್ಯಂತ ಹಳೆಯ ಗಾಲ್ಫ್ ಕ್ಲಬ್ಬು ಹುಟ್ಟಿದ್ದು ನಮ್ಮ ದೇಶದಲ್ಲಿ, 1829ರಲ್ಲಿ, ಕಲ್ಕತ್ತೆಯಲ್ಲಿ. ಸೇಂಟ್ ಆಂಡ್ರೂಸ್‌ಗೆ ರಾಜಬಿರುದು ಸಿಗುವುದಕ್ಕೂ ಐದು ವರ್ಷ ಮೊದಲು. ಬೆಂಗಳೂರು ಗಾಲ್ಫ್ ಕ್ಲಬ್ಬು 1876ರಲ್ಲಿ ಸ್ಥಾಪನೆಯಾಯಿತು. ರೈಲು ಬಂದ ಮೇಲೆ ಇಂಗ್ಲೆಂಡಿನಲ್ಲಿಯೂ ಗಾಲ್ಫ್ ಕೋರ್ಸುಗಳು ಹಬ್ಬಿ, 1894ರಲ್ಲಿ ಓಪನ್ ಮೊದಲ ಬಾರಿಗೆ ಅಲ್ಲಿನ ಸ್ಯಾಂಡ್‌ವಿಚ್‌ನಲ್ಲಿ ನಡೆಯಿತು. ಇಷ್ಟು ಕಡೆ ಆಡುವಾಗ ಪ್ರತಿ ಕ್ಲಬ್ಬಿಗೂ ಒಂದೊಂದು ನಿಯಮವಿದ್ದರೆ ನಡೆಯುವುದಿಲ್ಲ. ಆರ್ ಆ್ಯಂಡ್ ಎ ತನ್ನ 1891ರ ನಿಯಮಗಳಲ್ಲಿ ಗುಳಿಯ ಅಗಲವನ್ನು 4.25 ಇಂಚು, ಅಂದರೆ ಸುಮಾರು 10.8 ಸೆಂಟಿಮೀಟರ್ ಎಂದು ಗೊತ್ತುಮಾಡಿತು. ಆ ಅಳತೆಯ ಹಿಂದೆ ಯಾವ ಶಾಸ್ತ್ರವೂ ಇಲ್ಲ. ಮಸಲ್‌ಬರೊದಲ್ಲಿ 1829ರಿಂದ ಇದ್ದ ಗುಳಿ ತೋಡುವ ಉಪಕರಣದ ಅಗಲ ಅಷ್ಟಿತ್ತು. 1897ರಲ್ಲಿ, ಪ್ರಮುಖ ಕ್ಲಬ್ಬುಗಳು ಕೇಳಿಕೊಂಡ ಮೇರೆಗೆ, ಆರ್ ಆ್ಯಂಡ್ ಎ ನಿಯಮಗಳ ಸಮಿತಿಯೊಂದನ್ನು ರಚಿಸಿತು. ಅದರ ಜಾಗತಿಕ ಅಧಿಕಾರಕ್ಕೆ ಮೂಲಪತ್ರವೆಂದು ಏನನ್ನಾದರೂ ತೋರಿಸಬೇಕಾದರೆ ಉಳಿದವರ ಈ ಕೋರಿಕೆಯನ್ನೇ ತೋರಿಸಬೇಕು.

ಅಮೆರಿಕದಲ್ಲಿ ಕೋರಿಕೆಯಿಂದಲ್ಲ, ಒಬ್ಬ ಮನುಷ್ಯನ ಹಟದಿಂದ ಆಡಳಿತ ಹುಟ್ಟಿತು. ಚಾರ್ಲ್ಸ್ ಬ್ಲೇರ್ ಮ್ಯಾಕ್‌ಡೊನಾಲ್ಡ್ ಹುಡುಗನಾಗಿದ್ದಾಗ ಸೇಂಟ್ ಆಂಡ್ರೂಸ್‌ನಲ್ಲಿ ಓದಲು ಹೋಗಿ, ಹಿರಿಯ ಟಾಮ್ ಮಾರಿಸ್‌ನ ನೆರಳಿನಲ್ಲಿ ಆಟ ಕಲಿತು ಷಿಕಾಗೊಗೆ ಮರಳಿದ್ದವನು. 1894ರಲ್ಲಿ ನ್ಯೂಪೋರ್ಟ್ ಕ್ಲಬ್ಬು ರಾಷ್ಟ್ರೀಯ ಹವ್ಯಾಸಿ ಚಾಂಪಿಯನ್‌ನನ್ನು ಆರಿಸಲು ಸ್ಪರ್ಧೆ ನಡೆಸಿತು. ಮ್ಯಾಕ್‌ಡೊನಾಲ್ಡ್ ಒಂದು ಹೊಡೆತದಿಂದ ಸೋತ. ಅಂಗಳಕ್ಕೆ ಅಡ್ಡಲಾಗಿದ್ದ ಕಲ್ಲಿನ ಗೋಡೆ ನ್ಯಾಯವಾದ ಅಡೆತಡೆಯಲ್ಲವೆಂದೂ ಒಟ್ಟು ಹೊಡೆತ ಎಣಿಸುವ ಪದ್ಧತಿಯೇ ಸರಿಯಲ್ಲವೆಂದೂ ತಕರಾರು ತೆಗೆದ. ಕೆಲವೇ ವಾರಗಳಲ್ಲಿ ನ್ಯೂಯಾರ್ಕ್ ಬಳಿಯ ಸೇಂಟ್ ಆಂಡ್ರೂಸ್ ಎಂಬ ಹೆಸರಿನದೇ ಇನ್ನೊಂದು ಕ್ಲಬ್ಬು ಅವನು ಬಯಸಿದ ಪದ್ಧತಿಯಲ್ಲಿ ಮತ್ತೊಂದು ‘ರಾಷ್ಟ್ರೀಯ’ ಸ್ಪರ್ಧೆ ನಡೆಸಿತು. ಅದರ ಅಂತಿಮ ಪಂದ್ಯದಲ್ಲಿಯೂ ಸೋತ ಮ್ಯಾಕ್‌ಡೊನಾಲ್ಡ್, ಯಾವುದೋ ಒಂದು ಕ್ಲಬ್ಬು ರಾಷ್ಟ್ರೀಯ ಚಾಂಪಿಯನ್‌ನನ್ನು ಘೋಷಿಸುವಂತಿಲ್ಲ ಎಂದ. ಸೋತವನ ಸಬೂಬು ಎಂದು ನಕ್ಕುಬಿಡಬಹುದು, ಆದರೆ ಮಾತಿನಲ್ಲಿ ಹುರುಳಿತ್ತು: ಒಂದೇ ವರ್ಷ ದೇಶಕ್ಕೆ ಇಬ್ಬರು ಚಾಂಪಿಯನ್ನರಾಗಿದ್ದರು. ಆ ವರ್ಷದ ಡಿಸೆಂಬರ್ 22ರಂದು ಐದು ಕ್ಲಬ್ಬುಗಳ ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಸೇರಿ ಯುಎಸ್‌ಜಿಎ ಸ್ಥಾಪಿಸಿದರು. ಮರುವರ್ಷ ಅದು ನಡೆಸಿದ ಮೊದಲ ಅಧಿಕೃತ ಹವ್ಯಾಸಿ ಚಾಂಪಿಯನ್‌ಷಿಪ್ಪನ್ನು ಗೆದ್ದವನು ಮ್ಯಾಕ್‌ಡೊನಾಲ್ಡ್.

ಎರಡು ಪೀಠಗಳಾದ ಮೇಲೆ ಭಿನ್ನಮತ ಬರಲು ತಡವಾಗಲಿಲ್ಲ. 1904ರಲ್ಲಿ ವಾಲ್ಟರ್ ಟ್ರಾವಿಸ್ ಎಂಬ ಅಮೆರಿಕನ್, ಹಿಡಿಕೋಲು ತಲೆಯ ನಡುಭಾಗಕ್ಕೆ ಸೇರಿದ್ದ ಹೊಸ ಬಗೆಯ ಪಟರ್‌ನಿಂದ (ಚೆಂಡನ್ನು ಗುಳಿಗೆ ಉರುಳಿಸುವ ಕೋಲಿನಿಂದ) ಆಡಿ ಬ್ರಿಟನ್ನಿನ ಹವ್ಯಾಸಿ ಚಾಂಪಿಯನ್‌ಷಿಪ್ಪನ್ನು ಗೆದ್ದ. ಕೆಲವು ವರ್ಷಗಳ ನಂತರ ಆರ್ ಆ್ಯಂಡ್ ಎ ಅಂಥ ಪಟರ್‌ಗಳನ್ನು ನಿಷೇಧಿಸಿದಾಗ ಯುಎಸ್‌ಜಿಎ ಜೊತೆಗೆ ಬರಲಿಲ್ಲ. ಉಕ್ಕಿನ ಹಿಡಿಕೋಲನ್ನು ಅಮೆರಿಕ ಮೊದಲೇ ಒಪ್ಪಿತು, ಸೇಂಟ್ ಆಂಡ್ರೂಸ್ 1929ರವರೆಗೆ ಕಾಯಿತು. ಹೆಚ್ಚು ಕಾಲ ಎಳೆದದ್ದು ಚೆಂಡಿನ ಗಾತ್ರದ ಜಗಳ. 1921ರಲ್ಲಿ ಎರಡೂ ಸಂಸ್ಥೆಗಳು ಕನಿಷ್ಠ ವ್ಯಾಸ 1.62 ಇಂಚು, ಗರಿಷ್ಠ ತೂಕ 1.62 ಔನ್ಸ್ ಎಂದು ಒಪ್ಪಿದ್ದವು. ಹತ್ತು ವರ್ಷದಲ್ಲಿ ಅಮೆರಿಕ ವ್ಯಾಸವನ್ನು 1.68 ಇಂಚಿಗೆ ಏರಿಸಿತು, ಬ್ರಿಟನ್ ಕದಲಲಿಲ್ಲ. ವ್ಯತ್ಯಾಸ ಒಂದೂವರೆ ಮಿಲಿಮೀಟರ್. ಆದರೆ ಎದುರುಗಾಳಿಯಲ್ಲಿ ಸಣ್ಣ ಚೆಂಡು ಗಾಳಿಯನ್ನು ಸೀಳಿಕೊಂಡು ಹೆಚ್ಚು ದೂರ ಹೋಗುತ್ತದೆ, ಕಡಲತೀರದಲ್ಲಿ ಆಡುವವರಿಗೆ ಅದು ದೊಡ್ಡ ಅನುಕೂಲ. ದಿ ಓಪನ್‌ನಲ್ಲಿ ದೊಡ್ಡ ಚೆಂಡು ಕಡ್ಡಾಯವಾದದ್ದು 1974ರಲ್ಲಿ. ಸಣ್ಣ ಚೆಂಡು ನಿಯಮಾವಳಿಯಿಂದ ಪೂರ್ತಿ ಮರೆಯಾದದ್ದು 1990ರಲ್ಲಿ.

ಉಳಿದ ವಿಷಯಗಳಲ್ಲಿ ರಾಜಿಯಾದದ್ದು 1951ರಲ್ಲಿ. ಎರಡೂ ಸಂಸ್ಥೆಗಳ ಪ್ರತಿನಿಧಿಗಳು, ಕೆನಡಾ ಮತ್ತು ಆಸ್ಟ್ರೇಲಿಯದವರೊಂದಿಗೆ, ಕುಳಿತು ಒಂದೇ ನಿಯಮಾವಳಿ ಸಿದ್ಧಪಡಿಸಿದರು; ಅದು 1952ರಿಂದ ಜಾರಿಗೆ ಬಂದಿತು. ಟ್ರಾವಿಸ್ ಮಾದರಿಯ ಪಟರ್‌ಗೆ ಕ್ಷಮಾದಾನ ಸಿಕ್ಕಿತು. ‘ಸ್ಟೈಮಿ’ ರದ್ದಾಯಿತು. ಗುಳಿಯ ಬಳಿ ಎದುರಾಳಿಯ ಚೆಂಡು ನಿಮ್ಮ ದಾರಿಗೆ ಅಡ್ಡ ನಿಂತರೂ ಅದನ್ನು ಎತ್ತಿಸುವಂತಿಲ್ಲ, ಹಾರಿಸಿಯೋ ಬಳಸಿಯೋ ಆಡಬೇಕು ಎಂಬುದು ಆ ಹಳೆಯ ನಿಯಮವಾಗಿತ್ತು. ಆಟದ ಕುಶಲತೆಯೇ ಹೋಯಿತೆಂದು ಹಿರಿಯರು ಅದಕ್ಕಾಗಿ ಬಹಳ ಕಾಲ ಹಲುಬಿದರು.

ಹಣ ತೆಗೆದುಕೊಂಡು ಆಡುವವರ ಆಡಳಿತ ಬೇರೆಯೇ ದಾರಿ ಹಿಡಿಯಿತು. ಬ್ರಿಟನ್ನಿನಲ್ಲಿ 1901ರಲ್ಲಿ, ಅಮೆರಿಕದಲ್ಲಿ 1916ರಲ್ಲಿ ವೃತ್ತಿಪರರ ಸಂಘಗಳು ಹುಟ್ಟಿದವು. ಅಮೆರಿಕದ ಸಂಘ ಬಿಳಿಯರಿಗೆ ಮಾತ್ರ ಸದಸ್ಯತ್ವ ಎಂಬ ಷರತ್ತನ್ನು ಕೈಬಿಟ್ಟದ್ದು 1961ರ ನವೆಂಬರ್‌ನಲ್ಲಿ. 1968ರಲ್ಲಿ ಸ್ಪರ್ಧಾತ್ಮಕ ಆಟಗಾರರು ಆ ಸಂಘದಿಂದ ಸಿಡಿದುಹೋದದ್ದರಿಂದ ವೃತ್ತಿಪರರ ಸ್ಪರ್ಧೆಗಳ ಸರಣಿ ನಡೆಸುವ ಇಂದಿನ ಪಿಜಿಎ ಟೂರ್ ಹುಟ್ಟಿತು. ಆದ್ದರಿಂದಲೇ ಗಾಲ್ಫ್‌ನ ನಾಲ್ಕು ಪ್ರಮುಖ ಸ್ಪರ್ಧೆಗಳಿಗೆ ನಾಲ್ವರು ಯಜಮಾನರು: ಮಾಸ್ಟರ್ಸ್ ಅಗಸ್ಟಾ ನ್ಯಾಷನಲ್ ಎಂಬ ಖಾಸಗಿ ಕ್ಲಬ್ಬಿನದು, ಪಿಜಿಎ ಚಾಂಪಿಯನ್‌ಷಿಪ್ ವೃತ್ತಿಪರರ ಸಂಘದ್ದು, ಯುಎಸ್ ಓಪನ್ ಯುಎಸ್‌ಜಿಎಯದು, ದಿ ಓಪನ್ ಆರ್ ಆ್ಯಂಡ್ ಎಯದು. ಸೌದಿ ಹಣದ ಲಿವ್ ಗಾಲ್ಫ್ ಎಂಬ ಪ್ರತಿಸ್ಪರ್ಧಿ ಸರಣಿಯನ್ನು 2022ರಲ್ಲಿ ಸೇರಿದ ಆಟಗಾರರನ್ನು ಪಿಜಿಎ ಟೂರ್ ಅಮಾನತು ಮಾಡಿದರೂ ಯುಎಸ್ ಓಪನ್, ದಿ ಓಪನ್‌ಗಳ ಬಾಗಿಲು ಅವರಿಗೆ ತೆರೆದಿದ್ದುದು ಈ ಹಂಚಿಹೋದ ಯಜಮಾನಿಕೆಯ ಫಲ.

ಮಹಿಳೆಯರು ಬೇಗ ಸಂಘಟಿತರಾದರು, ತಡವಾಗಿ ಒಳಗೆ ಬಂದರು. ಬ್ರಿಟನ್ನಿನ ಲೇಡೀಸ್ ಗಾಲ್ಫ್ ಯೂನಿಯನ್ 1893ರದು, ಯುಎಸ್‌ಜಿಎಗಿಂತ ಹಿರಿಯದು. ಆಟಗಾರರ ಸಾಮರ್ಥ್ಯಕ್ಕೆ ತಕ್ಕಂತೆ ಹೊಡೆತಗಳ ರಿಯಾಯಿತಿ ಕೊಡುವ ಹ್ಯಾಂಡಿಕ್ಯಾಪ್ ಪದ್ಧತಿಯನ್ನು ದೇಶಕ್ಕೆಲ್ಲ ಒಂದೇ ಆಗುವಂತೆ ರೂಪಿಸಿದ್ದು, ಇಸೆಟ್ ಪಿಯರ್ಸನ್ ಅವರ ನೇತೃತ್ವದಲ್ಲಿ, ಆ ಮಹಿಳೆಯರು. ಜಗತ್ತಿನ ಆರು ಬೇರೆ ಬೇರೆ ಹ್ಯಾಂಡಿಕ್ಯಾಪ್ ಪದ್ಧತಿಗಳು ಒಂದಾಗಲು 2020 ಬರಬೇಕಾಯಿತು. ಇತ್ತ ರಾಯಲ್ ಆ್ಯಂಡ್ ಏನ್ಷಿಯೆಂಟ್ ಕ್ಲಬ್ಬು 2004ರಲ್ಲಿ ನಿಯಮ ರಚನೆ ಮತ್ತು ಚಾಂಪಿಯನ್‌ಷಿಪ್ಪುಗಳ ಹೊಣೆಯನ್ನು ಆರ್ ಆ್ಯಂಡ್ ಎ ಎಂಬ ಪ್ರತ್ಯೇಕ ಸಂಸ್ಥೆಗೆ ವಹಿಸಿತು. ತಾನು ಮಹಿಳೆಯರಿಗೆ ಸದಸ್ಯತ್ವ ಕೊಡಲು ಮತ ಹಾಕಿದ್ದು 2014ರ ಸೆಪ್ಟೆಂಬರ್‌ನಲ್ಲಿ. 1744ರ ನಿಯಮಗಳನ್ನು ಬರೆದ ಲೀತ್ ಕ್ಲಬ್ಬಿನ ವಾರಸುದಾರರು ಈಗ ಮ್ಯೂರ್‌ಫೀಲ್ಡ್‌ನಲ್ಲಿದ್ದಾರೆ. 2016ರಲ್ಲಿ ಅಲ್ಲಿ ಮಹಿಳೆಯರ ಪರವಾದ ಮತ ಸಾಕಷ್ಟು ಬೀಳದಿದ್ದಾಗ, ಇನ್ನು ಅಲ್ಲಿ ದಿ ಓಪನ್ ನಡೆಸುವುದಿಲ್ಲವೆಂದು ಆರ್ ಆ್ಯಂಡ್ ಎ ಘೋಷಿಸಿತು. ಮರುವರ್ಷ ಕ್ಲಬ್ಬು ಮಣಿಯಿತು. ನಿಯಮ ನಕಲು ಮಾಡಿಕೊಂಡವರು ಅದನ್ನು ಬರೆದವರನ್ನೇ ಶಿಸ್ತಿಗೆ ಒಳಪಡಿಸುವ ಕಾಲ ಬಂದಿತ್ತು.

ಭಾರತದಲ್ಲಿ 1955ರಲ್ಲಿ ಇಂಡಿಯನ್ ಗಾಲ್ಫ್ ಯೂನಿಯನ್ ಸ್ಥಾಪನೆಯಾಯಿತು. ನಮ್ಮ ಆಟ ನಡೆಯುವುದು ಆರ್ ಆ್ಯಂಡ್ ಎ ನಿಯಮದಂತೆ. ಒಲಿಂಪಿಕ್ಸ್‌ಗೆ ಮಾತ್ರ ಅಂತರರಾಷ್ಟ್ರೀಯ ಗಾಲ್ಫ್ ಫೆಡರೇಷನ್ ಎಂಬ ಮೂರನೆಯ ಸಂಸ್ಥೆ ಹೊಣೆ. 1904ರ ನಂತರ ಬಿಟ್ಟುಹೋಗಿದ್ದ ಆಟ 2016ರಲ್ಲಿ ರಿಯೊದಲ್ಲಿ ಮರಳಿದಾಗ ಬೆಂಗಳೂರಿನ ಅದಿತಿ ಅಶೋಕ್ 18ರ ವಯಸ್ಸಿನಲ್ಲಿ ಅಲ್ಲಿ ಆಡಿದರು. ಮುಂದಿನ ಟೋಕಿಯೊ ಕೂಟದಲ್ಲಿ ಒಂದೇ ಹೊಡೆತದ ಅಂತರದಲ್ಲಿ ಪದಕ ತಪ್ಪಿ ನಾಲ್ಕನೆಯವರಾದರು.

2019ರಲ್ಲಿ ನಿಯಮಾವಳಿಯ ದೊಡ್ಡ ಪರಿಷ್ಕರಣೆ ನಡೆದು 34 ನಿಯಮಗಳು 24ಕ್ಕೆ ಇಳಿದವು. ಕಳೆದ ಚೆಂಡು ಹುಡುಕಲು ಇದ್ದ ಐದು ನಿಮಿಷ ಮೂರಾಯಿತು. ಆದರೆ ಹಳೆಯ ಜಗಳ ಮತ್ತೆ ಎದ್ದದ್ದು ಚೆಂಡಿನ ಮೇಲೆಯೇ. ಆಟಗಾರರ ಬಲ, ಕೋಲಿನ ಲೋಹ, ಚೆಂಡಿನ ರಸಾಯನ ಎಲ್ಲವೂ ಸೇರಿ ಹೊಡೆತದ ದೂರ ಏರುತ್ತಲೇ ಇದ್ದು, ಹಳೆಯ ಕೋರ್ಸುಗಳು ಚಿಕ್ಕವಾಗತೊಡಗಿದವು. 2023ರ ಮಾರ್ಚ್‌ನಲ್ಲಿ ಎರಡೂ ಸಂಸ್ಥೆಗಳು ಉನ್ನತ ಮಟ್ಟದ ಸ್ಪರ್ಧೆಗಳಿಗೆ ಮಾತ್ರ ಕಡಿಮೆ ದೂರ ಹೋಗುವ ಚೆಂಡನ್ನು ಸೂಚಿಸಿದವು. ಒಂದೇ ಆಟಕ್ಕೆ ಎರಡು ಚೆಂಡು ಬೇಡವೆಂದು ತಯಾರಕರೂ ಪಿಜಿಎ ಟೂರ್ ಕೂಡ ವಿರೋಧಿಸಿದ್ದರಿಂದ, ಡಿಸೆಂಬರ್‌ನಲ್ಲಿ ಎಲ್ಲರಿಗೂ ಒಂದೇ ನಿಯಮವೆಂದು ಪ್ರಕಟಿಸಿ, ಆಗ ವೃತ್ತಿಪರರಿಗೆ 2028, ಉಳಿದವರಿಗೆ 2030 ಎಂದು ಗಡುವು ಹೇಳಿದವು. ಬದಲಾವಣೆ ಇರುವುದು ಪರೀಕ್ಷೆಯಲ್ಲಿ: ಕೋಲಿನ ವೇಗ ಗಂಟೆಗೆ 120 ಮೈಲಿ ಇದ್ದದ್ದು 125 ಆಗುತ್ತದೆ, ಆದರೂ ಚೆಂಡು ಮೊದಲಿನ 317 ಗಜದ ಮಿತಿಯನ್ನು, ಮೂರು ಗಜದ ವಿನಾಯಿತಿಯೊಂದಿಗೆ, ದಾಟುವಂತಿಲ್ಲ. ಅತಿ ಬಲವಾಗಿ ಹೊಡೆಯುವವರಿಗೆ ಇದರಿಂದ 13ರಿಂದ 15 ಗಜ, ವಾರಾಂತ್ಯದ ಆಟಗಾರರಿಗೆ ಹೆಚ್ಚೆಂದರೆ ಐದು ಗಜ ನಷ್ಟ ಎಂಬುದು ಸಂಸ್ಥೆಗಳ ಅಂದಾಜು. ಪಿಜಿಎ ಟೂರ್ ಇದನ್ನು ಪಾಲಿಸಲೇಬೇಕೆಂಬ ಕಾನೂನು ಎಲ್ಲಿಯೂ ಇಲ್ಲ. ಆದರೆ ಯುಎಸ್ ಓಪನ್ ಮತ್ತು ದಿ ಓಪನ್ ನಡೆಸುವವರು ನಿಯಮ ಬರೆಯುವವರೇ ಆಗಿರುವುದರಿಂದ, ವರ್ಷವಿಡೀ ಬೇರೆ ಚೆಂಡಿನಿಂದ ಆಡುವವರು ಆ ಎರಡು ವಾರಗಳ ಮಟ್ಟಿಗಾದರೂ ಚೆಂಡು ಬದಲಿಸಬೇಕಾಗುತ್ತದೆ.